ನೋಟ್‌ಬುಕ್, ಫೋನ್, ಕಾರ್ಡ್: ಪ್ರಬಂಧದ ಟಿಪ್ಪಣಿಗೆ ಮೂರನ್ನೂ ಬಳಸಿ ನೋಡಿದೆ

ಬಿ.ಎ. ಕೊನೆಯ ವರ್ಷ ಇತಿಹಾಸಕ್ಕೆ 20 ಪುಟದ ಪ್ರಬಂಧ ಬರೆಯಬೇಕಿತ್ತು. ನಾನು ಆರಿಸಿಕೊಂಡಿದ್ದು ಶಿವನಸಮುದ್ರದ ಕರೆಂಟು. 1902ರಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ ಕಥೆ. ಟಿಪ್ಪಣಿಗೆ ಮೊದಲು ನೋಟ್‌ಬುಕ್ ಹಿಡಿದೆ, ಆಮೇಲೆ ಫೋನ್, ಕೊನೆಗೆ ಕಾರ್ಡ್, ಅಂದರೆ ಟಿಪ್ಪಣಿ ಬರೆದಿಡುವ ದಪ್ಪ ಕಾಗದದ ಸಣ್ಣ ಹಾಳೆಗಳು. ಕಾರ್ಡೇ ಗೆದ್ದಿತು, ಆದರೆ ಎಲ್ಲದರಲ್ಲೂ ಅಲ್ಲ.

ಓದುವಾಗ ನೋಟ್‌ಬುಕ್‌ನಷ್ಟು ಹಿತವಾದದ್ದು ಬೇರೆ ಇಲ್ಲ. ಕೈ ಓಡುತ್ತದೆ, ತಲೆಯೂ ಜೊತೆಗೆ ಓಡುತ್ತದೆ. ಗಣಿಯವರು ಅಲ್ಲಿವರೆಗೆ ಸ್ಟೀಮ್ ಎಂಜಿನ್ ಹೇಗೆ ನಡೆಸುತ್ತಿದ್ದರು, ಅಷ್ಟು ದೂರದ ಕರೆಂಟನ್ನು ಯಾಕೆ ನಂಬಿದರು ಅನ್ನುವ ಉದ್ದನೆಯ ವಾದವನ್ನು ತುಂಡು ಮಾಡದೆ ಬರೆದುಕೊಳ್ಳಬಹುದು. ಕಷ್ಟ ಶುರುವಾಗುವುದು ಬರೆಯಲು ಕೂತಾಗ. ಎರಡು ನೋಟ್‌ಬುಕ್ ತುಂಬಿತ್ತು, ಎಲ್ಲವೂ ನಾನು ಓದಿದ ಕ್ರಮದಲ್ಲಿ. ಪ್ರಬಂಧಕ್ಕೆ ಬೇಕಾದ ಕ್ರಮವೇ ಬೇರೆ ಅಲ್ವಾ? 11ನೇ ಪುಟದಲ್ಲಿ 'ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ' ಎಂದು ಬರೆದಿದ್ದೆ. 46ನೇ ಪುಟದಲ್ಲಿ ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೋಂಗ್‌ನಲ್ಲಿ 1897ರಲ್ಲೇ ಕರೆಂಟು ತೆಗೆದರು ಎಂದು ನಾನೇ ಬರೆದಿದ್ದೆ. ಎರಡೂ ನನ್ನ ಕೈಬರಹವೇ. ಒಂದನ್ನೊಂದು ಸುಳ್ಳು ಮಾಡುತ್ತಿವೆ ಎಂದು ಒಂದು ತಿಂಗಳು ಗೊತ್ತೇ ಆಗಲಿಲ್ಲ.

ಫೋನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫೋಟೋ ತೆಗೆಯುವುದು ಸುಲಭ, ಆದರೆ ಸುಮ್ನೆ ಪುಟಗಟ್ಟಲೆ ಫೋಟೋ ತೆಗೆದಿಟ್ಟರೆ ಅದು ಟಿಪ್ಪಣಿ ಆಗುವುದಿಲ್ಲ, ಓದುವ ಕೆಲಸ ಹಾಗೇ ಉಳಿದಿರುತ್ತದೆ. ಟೈಪ್ ಮಾಡಿಟ್ಟರೆ ಹುಡುಕಬಹುದು ಅಂದುಕೊಂಡೆ. ಕನ್ನಡದಲ್ಲಿ ಒಬ್ಬರು ಶಿವನಸಮುದ್ರ ಅಂತಾರೆ, ಇನ್ನೊಬ್ಬರು ಶಿವಸಮುದ್ರ, ಮತ್ತೊಬ್ಬರು ಶಿವನಸಮುದ್ರಂ. ನಾನೂ ಮೂರೂ ಥರ ಬರೆದಿಟ್ಟಿದ್ದೆ, ಒಂದನ್ನು ಹುಡುಕಿದರೆ ಎಲ್ಲವೂ ಸಿಗುತ್ತಿರಲಿಲ್ಲ.

ಈಗ ಕಾರ್ಡ್. ನಮ್ಮೂರಿನ ಸ್ಟೇಷನರಿ ಅಂಗಡಿಯಲ್ಲಿ ಸಿಕ್ಕಿದ್ದು 3×5 ಇಂಚಿನದು ಮಾತ್ರ. ಗೆರೆಗಳು ಹತ್ತಿರ ಹತ್ತಿರ ಇದ್ದವು. ಕನ್ನಡಕ್ಕೆ ಅದು ಸಾಲದು, ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಎರಡು ವಾಕ್ಯಕ್ಕೇ ಕಾರ್ಡ್ ಮುಗಿಯುತ್ತದೆ. ಹಾಗಾಗಿ ಜೆರಾಕ್ಸ್ ಅಂಗಡಿಯಲ್ಲಿ ದಪ್ಪನೆಯ ಎ4 ಹಾಳೆಗಳನ್ನು ನಾಲ್ಕು ಭಾಗ ಮಾಡಿಸಿದೆ. ಒಂದೊಂದು ಸುಮಾರು 4×6 ಇಂಚು ಬರುತ್ತದೆ, ಗೆರೆ ಇರುವುದಿಲ್ಲ, ಇದೇ ಒಳ್ಳೆಯದು.

ಒಂದು ಕಾರ್ಡಿಗೆ ಒಂದೇ ಸಂಗತಿ. ಮೇಲೆ ಎಡಕ್ಕೆ ತಲೆಬರಹ, ಬಲಕ್ಕೆ ಪುಸ್ತಕದ ಗುರುತು, ಕೆಳಗೆ ಪುಟ ಸಂಖ್ಯೆ. ಪುಸ್ತಕದ ಪೂರ್ತಿ ವಿವರ ಬೇರೆ ಒಂದು ಕಾರ್ಡಿನಲ್ಲಿ. ನನ್ನ ಸ್ವಂತ ಅನಿಸಿಕೆ ಹಸಿರು ಇಂಕಿನಲ್ಲಿ, ಇಲ್ಲದಿದ್ದರೆ ಎರಡು ವಾರ ಕಳೆದ ಮೇಲೆ ಯಾವುದು ಪುಸ್ತಕದ ಮಾತು ಯಾವುದು ನನ್ನದು ಎಂದು ತಿಳಿಯುವುದಿಲ್ಲ. ಮೊದಲ ಹತ್ತು ಕಾರ್ಡಿಗೆ ಪುಟ ಸಂಖ್ಯೆ ಹಾಕದೆ ಬಿಟ್ಟಿದ್ದೆ, ಅದಕ್ಕಾಗಿ ಇಡೀ ಒಂದು ದಿನ ಮತ್ತೆ ಲೈಬ್ರರಿಯಲ್ಲಿ ಕೂರಬೇಕಾಯಿತು.

ನೋಟ್‌ಬುಕ್‌ನಲ್ಲಿದ್ದದ್ದನ್ನೆಲ್ಲ ಕಾರ್ಡಿಗೆ ಇಳಿಸಿ, ನೆಲದ ಮೇಲೆ ಚಾಪೆ ಹಾಸಿ ಹರಡಿದೆ. 'ಮೊದಲು ಯಾರು?' ಎಂಬ ತಲೆಬರಹದ ಕೆಳಗೆ ಶಿವನಸಮುದ್ರ 1902, ಸಿದ್ರಾಪೋಂಗ್ 1897 ಅಕ್ಕಪಕ್ಕ ಬಂದು ಕೂತವು! ಆಗಲೇ ಅನುಮಾನ ಬಂದು ಇನ್ನಷ್ಟು ಓದಿದೆ. ಜಪಾನಿನ ಕ್ಯೋಟೋದಲ್ಲಿ ಕೆಯಾಗೆ ಕೇಂದ್ರ 1891ರಲ್ಲೇ ಶುರುವಾಗಿತ್ತು. ಹಾಗಾದರೆ ಶಿವನಸಮುದ್ರದ ಹೆಚ್ಚುಗಾರಿಕೆ ಏನು? ಉತ್ತರ ಇನ್ನೊಂದು ಗುಂಪಿನ ಕಾರ್ಡುಗಳಲ್ಲಿತ್ತು: ದೂರ. ಒಂದು ಕಾರ್ಡಿನಲ್ಲಿ 92 ಮೈಲಿ, ಇನ್ನೊಂದರಲ್ಲಿ ಸುಮಾರು 147 ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಒಂದೇ ಲೆಕ್ಕ. ಆ ಕಾಲಕ್ಕೆ ಅಷ್ಟು ಉದ್ದದ ತಂತಿಯಲ್ಲಿ ಗಣಿಗೆ ಕರೆಂಟು ಹರಿಸಿದ್ದು ದೊಡ್ಡ ಸಾಹಸ. ನನ್ನ ಪ್ರಬಂಧದ ದಿಕ್ಕೇ ತಿರುಗಿತು. ನೋಟ್‌ಬುಕ್ ಮಾತ್ರ ನಂಬಿಕೊಂಡಿದ್ದರೆ 'ಏಷ್ಯಾದಲ್ಲೇ ಮೊದಲು' ಎಂದೇ ಬರೆದು ಕೊಡುತ್ತಿದ್ದೆ.

ಕಾರ್ಡಿಗೆ ಸಮಯ ಜಾಸ್ತಿ ಬೇಕು, ಅದು ನಿಜ. ನೋಟ್‌ಬುಕ್‌ನಲ್ಲಿ ಒಂದು ಗಂಟೆಯ ಕೆಲಸ ಕಾರ್ಡಿನಲ್ಲಿ ಎರಡು ಗಂಟೆ ಹಿಡಿಯಿತು. ಒಂದೇ ಪುಸ್ತಕ ಓದಿ ನಾಲ್ಕು ಪುಟ ಬರೆಯುವುದಾದರೆ ಕಾರ್ಡ್ ಬೇಡ, ನೋಟ್‌ಬುಕ್ ಸಾಕು. ನಾಲ್ಕೈದು ಪುಸ್ತಕ ದಾಟಿತು, ಇಸವಿ ಅಂಕಿಗಳು ಜಾಸ್ತಿ ಇವೆ ಅಂದರೆ ಮೊದಲ ದಿನದಿಂದಲೇ ಕಾರ್ಡ್ ಹಿಡಿಯಿರಿ, ನನ್ನ ಹಾಗೆ ನಡುವೆ ನಕಲು ಮಾಡುತ್ತಾ ಕೂರಬೇಡಿ. ಉದ್ದನೆಯ ವಾದಗಳಿಗೆ ಮಾತ್ರ ಪಕ್ಕದಲ್ಲಿ ಒಂದು ತೆಳ್ಳಗಿನ ನೋಟ್‌ಬುಕ್ ಇರಲಿ. ಫೋನನ್ನು ನಾನು ಈಗ ರಾತ್ರಿ ಆ ದಿನದ ಕಾರ್ಡುಗಳ ಫೋಟೋ ತೆಗೆದಿಡಲು ಬಳಸುತ್ತೇನೆ, ರಬ್ಬರ್ ಬ್ಯಾಂಡ್ ಕಿತ್ತು ಬಸ್ಸಿನಲ್ಲಿ ಕಾರ್ಡುಗಳು ಚೆಲ್ಲಿದ ದಿನದಿಂದ.