ಪೈಟೆಸ್ಟ್ ಬಳಕೆದಾರನ ಅನುಭವ: ಫೇಲಾದರೆ ಕೂಗುತ್ತೆ, ಓಡದೇ ಇದ್ದರೆ ಸುಮ್ನಿರುತ್ತೆ

ಪೈಥಾನ್ ಭಾಷೆಯಲ್ಲಿ ಬರೆದ ಕೋಡ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ನೋಡುವ ಸಣ್ಣ ಸಣ್ಣ ಟೆಸ್ಟುಗಳನ್ನು ಓಡಿಸುವ ಟೂಲ್ ಪೈಟೆಸ್ಟ್. ನಾನು ಅದನ್ನು ಬಳಸೋಕೆ ಶುರು ಮಾಡಿದ್ದು 2019ರಲ್ಲಿ. 5ನೇ ಆವೃತ್ತಿ ಆಗಷ್ಟೇ ಬಂದಿತ್ತು. ಅದಕ್ಕೂ ಮೊದಲು ಪೈಥಾನ್ ಜೊತೆಗೇ ಬರುವ ಯೂನಿಟ್‌ಟೆಸ್ಟ್‌ನಲ್ಲಿ ಹೇಗೋ ಕಾಲ ತಳ್ಳುತ್ತಿದ್ದೆ. ಎರಡು ವಾರ ಪೈಟೆಸ್ಟ್ ಬಳಸಿದ ಮೇಲೆ ಹಿಂದೆ ತಿರುಗಿ ನೋಡಿಲ್ಲ. ಸುಮ್ನೆ ಅಸರ್ಟ್ (ಇದು ಹೀಗೇ ಇರಬೇಕು) ಅಂತ ಬರೆದರೆ ಸಾಕು, ಎಡಗಡೆ ಏನು ಬಂತು, ಬಲಗಡೆ ಏನು ಬಂತು, ಎಲ್ಲಿ ವ್ಯತ್ಯಾಸ ಅಂತ ಬಿಡಿಸಿ ತೋರಿಸುತ್ತದೆ. ಟೆಸ್ಟಿಗೆ ಬೇಕಾದ್ದನ್ನು ಮೊದಲೇ ಸಿದ್ಧ ಮಾಡಿಕೊಡುವ ಫಿಕ್ಸ್ಚರ್‌ಗಳು, ಒಂದೇ ಟೆಸ್ಟನ್ನು ಬೇರೆ ಬೇರೆ ಡೇಟಾ (ಪ್ಯಾರಾಮೀಟರ್) ಕೊಟ್ಟು ಓಡಿಸುವ ಪ್ಯಾರಾಮೆಟ್ರೈಸ್, ಬೇಕಾದಷ್ಟು ಪ್ಲಗಿನ್‌ಗಳು. ದುಡ್ಡು ಕೊಡಬೇಕಿಲ್ಲ. ಇದನ್ನೆಲ್ಲ ಹೊಗಳಿ ಬರೆದಿರೋರು ಬೇಕಾದಷ್ಟು ಜನ ಇದ್ದಾರೆ, ನಾನು ಅಲ್ಲಿಗೇ ಬಿಡುತ್ತೇನೆ.

ನಾನು ಬರೆಯೋಕೆ ಹೊರಟಿದ್ದು ಇನ್ನೊಂದು ವಿಷಯ. ನೀವು ಬರೆದ ಟೆಸ್ಟುಗಳೆಲ್ಲ ನಿಜವಾಗಿ ಓಡುತ್ತಿವೆಯಾ? ಈ ಪ್ರಶ್ನೆ ನನಗೆ ಮೊದಲ ಮೂರು ವರ್ಷ ಹೊಳೆಯಲೇ ಇಲ್ಲ. ಹಸಿರು ಟಿಕ್ ಬರುತ್ತಿತ್ತು, ಟೀ ಕುಡಿಯೋಕೆ ಹೋಗುತ್ತಿದ್ದೆ.

ಆಗಿದ್ದು ಹೀಗೆ. ಆಗ ನಾನಿದ್ದ ಕಂಪನಿಯಲ್ಲಿ ಇನ್‌ವಾಯ್ಸ್ ತಯಾರಿಸುವ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಒಂದು ದಿನ ಗ್ರಾಹಕರೊಬ್ಬರ ಅಕೌಂಟೆಂಟ್ ಫೋನ್ ಮಾಡಿ ಒಂದು ಪೈಸೆ ಲೆಕ್ಕ ತಪ್ಪುತ್ತಿದೆ ಅಂದರು. 33.25 ರೂಪಾಯಿಯ ವಸ್ತು, 18% ಜಿಎಸ್‌ಟಿ. ಒಟ್ಟಿಗೆ ಲೆಕ್ಕ ಹಾಕಿದರೆ ತೆರಿಗೆ 5.985, ಅಂದರೆ 5.99. ಆದರೆ ಸಿಜಿಎಸ್‌ಟಿ 9%, ಎಸ್‌ಜಿಎಸ್‌ಟಿ 9% ಅಂತ ಬೇರೆ ಬೇರೆ ಮಾಡಿದರೆ ಒಂದೊಂದೂ 2.9925, ಅಂದರೆ 2.99, ಎರಡೂ ಸೇರಿ 5.98. ಇನ್‌ವಾಯ್ಸ್‌ನ ಮೇಲೆ ಒಂದು ಅಂಕಿ, ಕೆಳಗೆ ಇನ್ನೊಂದು. ಒಂದು ಪೈಸೆಗೆ ಇಷ್ಟೊಂದು ರಾದ್ಧಾಂತವಾ ಅಂತ ನಗಬೇಡಿ, ತಿಂಗಳ ಕೊನೆಗೆ ಸಾವಿರಾರು ಬಿಲ್ಲು ಕೂಡಿಸುವವರ ಕಷ್ಟ ಅವರಿಗೇ ಗೊತ್ತು.

ನಾನು ಟೀಮಿನವರನ್ನ ಕೇಳಿದೆ. ಪಕ್ಕದಲ್ಲಿ ಕೂರುತ್ತಿದ್ದವನು ಸ್ಕ್ರೀನಿಂದ ತಲೆ ಎತ್ತದೇ, "ಅದಕ್ಕೆ ಟೆಸ್ಟ್ ಇದೆಯಲ್ಲ ಗುರು, ಇದೇ ಕೇಸಿಗೆ ಬರೆದಿದ್ದಾರೆ, ನೋಡು" ಅಂದ. ನೋಡಿದೆ. ಇತ್ತು! ಇದೇ ತರಹದ ಪೈಸೆ ಲೆಕ್ಕಕ್ಕೇ ಬರೆದ ಟೆಸ್ಟ್, ನೀಟಾಗಿ. ಆ ಫೈಲಿನ ಹೆಸರು ಕೊಟ್ಟು ಓಡಿಸಿದೆ, ಕೆಂಪಗೆ ಫೇಲಾಯಿತು. ಇಡೀ ಪ್ರಾಜೆಕ್ಟ್ ಓಡಿಸಿದೆ, ಎಲ್ಲಾ ಹಸಿರು. ಮತ್ತೆ ಆ ಫೈಲ್ ಒಂದೇ ಓಡಿಸಿದೆ, ಕೆಂಪು. ಸುಮಾರು ಅರ್ಧ ಗಂಟೆ ನನ್ನ ಲ್ಯಾಪ್‌ಟಾಪ್‌ಗೇ ಏನೋ ಆಗಿದೆ ಅಂದುಕೊಂಡಿದ್ದೆ.

ಆ ಟೆಸ್ಟ್ ಇದ್ದ ಫೋಲ್ಡರಿನ ಹೆಸರು 'ಬಿಲ್ಡ್'. ಇನ್‌ವಾಯ್ಸ್ ಕಟ್ಟುವ ಕೋಡ್ ಇದ್ದ ಪ್ಯಾಕೇಜಿಗೂ ಅದೇ ಹೆಸರು, ಹಾಗಾಗಿ ಟೆಸ್ಟ್ ಫೋಲ್ಡರಿಗೂ ಅದನ್ನೇ ಇಟ್ಟಿದ್ದರು. ಪೈಟೆಸ್ಟ್ ಒಳಗೆ ಯಾವ ಫೋಲ್ಡರುಗಳಿಗೆ ಇಳಿಯಬಾರದು ಅಂತ ಒಂದು ಪಟ್ಟಿ ಇದೆ. ಸೆಟ್ಟಿಂಗ್‌ನ ಹೆಸರು 'ನೋರಿಕರ್ಸ್‌ಡರ್ಸ್'. ನಾವು ಬಳಸುತ್ತಿದ್ದ ಆವೃತ್ತಿಯಲ್ಲಿ ಅದರಲ್ಲಿ ಚುಕ್ಕಿಯಿಂದ ಶುರುವಾಗುವ ಫೋಲ್ಡರುಗಳು, 'ನೋಡ್_ಮಾಡ್ಯೂಲ್ಸ್', 'ವೆನ್ವ್', 'ಡಿಸ್ಟ್', ಜೊತೆಗೆ ನಮ್ಮ 'ಬಿಲ್ಡ್' ಕೂಡ ಇತ್ತು. ಕಾರಣ ಇಲ್ಲದೇ ಇಲ್ಲ. ಪೈಥಾನ್ ಪ್ಯಾಕೇಜ್ ಕಟ್ಟುವಾಗ ಕೋಡಿನ ನಕಲು 'ಬಿಲ್ಡ್' ಅನ್ನುವ ಫೋಲ್ಡರಿಗೇ ಬಂದು ಬೀಳುತ್ತದೆ, ಅಲ್ಲೂ ಹುಡುಕಿದರೆ ಒಂದೇ ಟೆಸ್ಟ್ ಎರಡೆರಡು ಸಲ ಸಿಗುತ್ತದೆ. ದಾಖಲೆಯಲ್ಲೂ ಬರೆದಿದ್ದಾರೆ. ಆದರೆ ಓಡಿಸಿದಾಗ ಬರುವ ಔಟ್‌ಪುಟ್‌ನಲ್ಲಿ 'ಈ ಫೋಲ್ಡರ್ ಬಿಟ್ಟೆ' ಅಂತ ಒಂದು ಸಾಲೂ ಬರುವುದಿಲ್ಲ. ಒಂದೇ ಒಂದು ಸಾಲು!

ಇದರಲ್ಲಿ ಇನ್ನೊಂದು ಮಜಾ ಇದೆ. ಫೈಲಿನ ಹೆಸರು ಹಿಡಿದು ನೇರವಾಗಿ ಕರೆದರೆ ಈ ಪಟ್ಟಿ ಲೆಕ್ಕಕ್ಕೆ ಬರುವುದಿಲ್ಲ. ಟೆಸ್ಟ್ ಬರೆದವರು ತಮ್ಮ ಫೈಲನ್ನು ಹೆಸರು ಹಿಡಿದೇ ಓಡಿಸಿ ನೋಡಿರುತ್ತಾರೆ, ಪಾಸಾಗಿರುತ್ತದೆ, ಖುಷಿಯಾಗಿ ಮುಖ್ಯ ಕೋಡಿಗೆ ಮರ್ಜ್ ಮಾಡಿರುತ್ತಾರೆ. ಕೋಡ್ ಬದಲಾದಾಗಲೆಲ್ಲ ತಾನಾಗಿ ಟೆಸ್ಟ್ ಓಡಿಸುವ ಸಿಐ ವ್ಯವಸ್ಥೆಯಲ್ಲಿ ಇಡೀ ಫೋಲ್ಡರ್ ಓಡುತ್ತದೆ, ಅಲ್ಲಿ ಇದರ ಸುದ್ದಿಯೇ ಇಲ್ಲ. ಆಮೇಲೆ ಯಾರೋ ರೌಂಡಿಂಗ್ ಬದಲಾಯಿಸಿದರು, ಟೆಸ್ಟ್ ಮುರಿಯಿತು, ಯಾರಿಗೂ ಗೊತ್ತಾಗಲಿಲ್ಲ. ಎಂಟು ತಿಂಗಳು ಹೀಗೇ ನಡೆದಿತ್ತು. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನ ಚರಿತ್ರೆ ನೋಡಿದರೆ ಇನ್ನೂ ನಗು ಬರುತ್ತದೆ: ಗಿಟ್‌ಗೆ ಸೇರಿಸಬಾರದವುಗಳ ಪಟ್ಟಿಯಾದ ನಮ್ಮ ಗಿಟ್‌ಇಗ್ನೋರ್‌ನಲ್ಲೂ 'ಬಿಲ್ಡ್' ಇತ್ತು, ಫೈಲ್ ಸೇರುತ್ತಿಲ್ಲ ಅಂತ ಟೆಸ್ಟ್ ಬರೆದವರು ಫೋರ್ಸ್ ಕೊಟ್ಟು ಸೇರಿಸಿದ್ದರು. ಅಲ್ಲೇ ಯಾರಿಗಾದರೂ ಅನುಮಾನ ಬರಬೇಕಿತ್ತು. ಆ ರಿವ್ಯೂ ಒಪ್ಪಿದವನು ನಾನೇ, ಹಾಗಾಗಿ ಜಾಸ್ತಿ ಮಾತಾಡುವ ಹಾಗಿಲ್ಲ.

ಆವತ್ತು ಸಂಜೆ ಕೂತು ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಒಂದು ಕಡೆ ಗಿಟ್‌ನಲ್ಲಿರುವ ಎಲ್ಲಾ ಪೈಥಾನ್ ಫೈಲುಗಳಲ್ಲಿ 'ಟೆಸ್ಟ್_' ಅಂತ ಶುರುವಾಗುವ ಫಂಕ್ಷನ್‌ಗಳನ್ನು (ಒಂದೊಂದು ಟೆಸ್ಟೂ ಹೆಸರಿರುವ ಒಂದು ಕೋಡಿನ ತುಣುಕು, ಅದೇ ಫಂಕ್ಷನ್) ಎಣಿಸುವುದು. ಇನ್ನೊಂದು ಕಡೆ ಪೈಟೆಸ್ಟ್‌ಗೆ 'ಕಲೆಕ್ಟ್-ಓನ್ಲಿ' ಆಯ್ಕೆ ಕೊಟ್ಟು, ಓಡಿಸದೇ ಬರೀ ಹೆಸರು ಕೂಗಿಸುವುದು, ಶಾಲೆಯಲ್ಲಿ ಹಾಜರಿ ಕರೆದ ಹಾಗೆ. ಪ್ಯಾರಾಮೀಟರ್‌ಗಳನ್ನು ಬಿಟ್ಟು ಫಂಕ್ಷನ್ ಲೆಕ್ಕ ಮಾತ್ರ. ಕೋಡಿನಲ್ಲಿ 1,236, ಹಾಜರಿಯಲ್ಲಿ 1,171. ಅರವತ್ತೈದು ಜನ ಗೈರು!

ಬಿಲ್ಡ್ ಫೋಲ್ಡರಿನವು 38. ಇನ್ನು 14 ಒಂದೇ ಫೈಲಿನಲ್ಲಿದ್ದವು. ಆ ಫೈಲಿನ ಹೆಸರು 'ಟೆಸ್ಟ್_' ಬದಲು 'ಟೆಸ್ಟ್ಸ್_' ಅಂತ ಶುರುವಾಗಿತ್ತು. ಪೈಟೆಸ್ಟ್ ಹುಡುಕುವುದು 'ಟೆಸ್ಟ್_' ಇಂದ ಶುರುವಾಗುವ ಅಥವಾ '_ಟೆಸ್ಟ್' ಅಂತ ಮುಗಿಯುವ ಫೈಲುಗಳನ್ನು ಮಾತ್ರ. ಒಂದು 'ಎಸ್' ಜಾಸ್ತಿ ಆಗಿದ್ದಕ್ಕೆ ಹದಿನಾಲ್ಕು ಟೆಸ್ಟ್ ಹೊರಗೆ. ಇನ್ನೊಂದು ಕಡೆ ನಾಲ್ಕು ಟೆಸ್ಟುಗಳನ್ನು ಒಟ್ಟಿಗೆ ಇಟ್ಟಿದ್ದ ಕ್ಲಾಸಿಗೆ ಯಾರೋ 'ಇನಿಟ್' (ಕ್ಲಾಸ್ ಬಳಸಲು ಶುರು ಮಾಡಿದಾಗ ತಾನಾಗಿ ಓಡುವ ಫಂಕ್ಷನ್) ಬರೆದಿದ್ದರು. ಹಾಗೆ ಮಾಡಿದರೆ ಪೈಟೆಸ್ಟ್ ಆ ಕ್ಲಾಸನ್ನೇ ಬಿಟ್ಟುಬಿಡುತ್ತದೆ. ಇದಕ್ಕೆ ಎಚ್ಚರಿಕೆಯೇನೋ ಕೊಟ್ಟಿತ್ತು ಪಾಪ, ಆದರೆ ನಮ್ಮಲ್ಲಿ ಪ್ರತಿ ಸಲ ಇನ್ನೂರು ಎಚ್ಚರಿಕೆ ಬರುತ್ತಿದ್ದವು, ಯಾರು ಓದುತ್ತಾರೆ ಹೇಳಿ.

ಉಳಿದ ಒಂಬತ್ತು ನನಗೆ ಜಾಸ್ತಿ ಬೇಜಾರು ಮಾಡಿದ್ದು. ಒಂದೇ ಫೈಲಿನಲ್ಲಿ ಒಂದೇ ಹೆಸರಿನ ಎರಡು ಫಂಕ್ಷನ್. ಮೇಲಿನ ಟೆಸ್ಟನ್ನು ಕಾಪಿ ಮಾಡಿ, ಕೆಳಗೆ ಪೇಸ್ಟ್ ಮಾಡಿ, ಒಳಗೆ ಅಂಕಿ ಬದಲಾಯಿಸಿ, ಹೆಸರು ಬದಲಾಯಿಸೋಕೆ ಮರೆತಿರೋದು. ಪೈಥಾನ್‌ನಲ್ಲಿ ಎರಡನೆಯದು ಮೊದಲನೆಯದನ್ನು ನುಂಗಿ ಹಾಕುತ್ತದೆ. ಇದರಲ್ಲಿ ಪೈಟೆಸ್ಟ್‌ನದ್ದೇನೂ ತಪ್ಪಿಲ್ಲ, ಅದರ ಕೈಗೆ ಬರುವಷ್ಟರಲ್ಲಿ ಮೊದಲ ಫಂಕ್ಷನ್ ಇರುವುದೇ ಇಲ್ಲ. ಕೋಡನ್ನು ಓಡಿಸದೇ ತಪ್ಪು ಹುಡುಕುವ ಲಿಂಟರ್‌ಗಳಾದ ಫ್ಲೇಕ್8 ಅಥವಾ ರಫ್‌ನಲ್ಲಿ ಎಫ್811 ಅನ್ನುವ ನಿಯಮ ಇದನ್ನು ಹಿಡಿಯುತ್ತದೆ. ನಮ್ಮಲ್ಲಿ ಲಿಂಟರ್ ಇತ್ತು, ಆದರೆ ಟೆಸ್ಟ್ ಫೋಲ್ಡರಿಗೆ ಬೇಡ ಅಂತ ಆಫ್ ಮಾಡಿಟ್ಟಿದ್ದೆವು. 'ಟೆಸ್ಟ್ ಕೋಡ್ ತಾನೇ' ಅನ್ನುವ ಅಸಡ್ಡೆ.

ಹಾಜರಾಗಿಯೂ ಕೆಲಸ ಮಾಡದವರು ಬೇರೆ ಇದ್ದಾರೆ. ಅವರು ಈ ಲೆಕ್ಕದಲ್ಲಿ ಸಿಗುವುದಿಲ್ಲ. ಒಂದು ಕಡೆ ಫೋಲ್ಡರಿನಲ್ಲಿರುವ ಮಾದರಿ ಬಿಲ್ಲುಗಳನ್ನೆಲ್ಲ ಹುಡುಕಿ ಒಂದೊಂದಕ್ಕೂ ಟೆಸ್ಟ್ ಓಡಿಸುವ ಪ್ಯಾರಾಮೆಟ್ರೈಸ್ ಇತ್ತು. ಯಾರೋ ಫೋಲ್ಡರ್ ಹೆಸರು ಬದಲಾಯಿಸಿದರು, ಹುಡುಕಿದರೆ ಏನೂ ಸಿಗಲಿಲ್ಲ, ಪಟ್ಟಿ ಖಾಲಿ. ಖಾಲಿ ಪಟ್ಟಿ ಸಿಕ್ಕರೆ ಪೈಟೆಸ್ಟ್ ಏನು ಮಾಡುತ್ತೆ ಗೊತ್ತಾ? ಸ್ಕಿಪ್, ಅಂದರೆ ಓಡಿಸದೇ ಬಿಟ್ಟು ಮುಂದೆ ಹೋಗುತ್ತೆ. ಮೂವತ್ತು ಟೆಸ್ಟ್ ಇದ್ದ ಜಾಗದಲ್ಲಿ '1 ಸ್ಕಿಪ್ಡ್', ಅಷ್ಟೇ. ಇದಕ್ಕೆ 'ಎಂಪ್ಟಿ_ಪ್ಯಾರಾಮೀಟರ್_ಸೆಟ್_ಮಾರ್ಕ್' ಅನ್ನುವ ಸೆಟ್ಟಿಂಗ್ ಇದೆ, ಅದಕ್ಕೆ 'ಫೇಲ್_ಅಟ್_ಕಲೆಕ್ಟ್' ಅಂತ ಕೊಟ್ಟರೆ ಅಲ್ಲೇ ನಿಂತು ಕೂಗುತ್ತದೆ. ಇದು ಮೊದಲಿಂದಲೇ ಹಾಗೆ ಇರಬೇಕಿತ್ತು ಅಂತ ನನ್ನ ಗಟ್ಟಿ ಅಭಿಪ್ರಾಯ.

ಅಸಿಂಕ್ (ಕಾಯುವ ಹೊತ್ತಲ್ಲಿ ಬೇರೆ ಕೆಲಸ ಮಾಡುವ ಥರದ ಕೋಡ್) ಟೆಸ್ಟುಗಳದ್ದೂ ಇದೇ ಕಥೆ ಆಗಿತ್ತು. ಬೇಕಾದ ಪ್ಲಗಿನ್ ನನ್ನ ಲ್ಯಾಪ್‌ಟಾಪ್‌ನಲ್ಲಿತ್ತು, ಸಿಐ ಮಷೀನಿನಲ್ಲಿ ಇರಲಿಲ್ಲ. ಅಲ್ಲಿ ಎಲ್ಲಾ ಸ್ಕಿಪ್, ಮೇಲೆ ಹಸಿರು ಟಿಕ್. 2025ರಲ್ಲಿ ಬಂದ 8.4ರಲ್ಲಿ ಇದನ್ನು ಸರಿ ಮಾಡಿದ್ದಾರೆ. ಈಗ ಪ್ಲಗಿನ್ ಇಲ್ಲದಿದ್ದರೆ ಸ್ಕಿಪ್ ಆಗಲ್ಲ, ಫೇಲೇ ಆಗುತ್ತದೆ. ಇದೊಂದಕ್ಕೇ 8.4ಕ್ಕೆ ಬರಬಹುದು.

ಪೈಟೆಸ್ಟ್ ಒಳ್ಳೆಯದು ಮಾಡಿದ್ದನ್ನೂ ಹೇಳಬೇಕು. ಒಂದೇ ಒಂದು ಟೆಸ್ಟೂ ಸಿಗಲಿಲ್ಲ ಅಂದರೆ ಅದು 5 ಅನ್ನುವ ಎಕ್ಸಿಟ್ ಕೋಡ್ (ಮುಗಿಯುವಾಗ ಕೊಡುವ ಫಲಿತಾಂಶದ ಸಂಖ್ಯೆ, ಸೊನ್ನೆ ಅಂದರೆ ಎಲ್ಲಾ ಸರಿ) ಕೊಟ್ಟು ಸಿಐ ನಿಲ್ಲಿಸುತ್ತದೆ. ಯೂನಿಟ್‌ಟೆಸ್ಟ್ ಈ ಬುದ್ಧಿ ಕಲಿತಿದ್ದು ಪೈಥಾನ್ 3.12ರಲ್ಲಿ. ಅಲ್ಲಿಯ ತನಕ ಸೊನ್ನೆ ಟೆಸ್ಟ್ ಓಡಿಸಿ 'ಓಕೆ' ಅಂತಿತ್ತು. ಆದರೆ ನಾವು ಮನುಷ್ಯರು, ಇದಕ್ಕೂ ದಾರಿ ಹುಡುಕಿದ್ದೆವು. ಇನ್ನೂ ಟೆಸ್ಟ್ ಬರೆಯದ ಒಂದು ಹೊಸ ಸರ್ವಿಸ್‌ಗಾಗಿ '5 ಬಂದರೂ ಪರವಾಗಿಲ್ಲ' ಅಂತ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಸೇರಿಸಿ, ಆ ಸ್ಕ್ರಿಪ್ಟನ್ನು ಎಲ್ಲಾ ಸರ್ವಿಸ್‌ಗಳಿಗೂ ಹಂಚಿದ್ದೆವು.

ಈಗ ಎರಡು ಥರ ಲೆಕ್ಕ ಇಡುತ್ತೇನೆ. ಒಂದು, ಮೇಲೆ ಹೇಳಿದ ಹಾಗೆ ಕೋಡಿನಲ್ಲಿರುವ ಫಂಕ್ಷನ್‌ಗಳಿಗೂ ಹಾಜರಿಗೂ ತಾಳೆ ನೋಡುವುದು. ಮೊದಲಿಂದಲೂ ಗೈರಾದವರು ಸಿಗುವುದು ಇದರಲ್ಲಿ ಮಾತ್ರ. ಇನ್ನೊಂದು, ಹಾಜರಿ ಪಟ್ಟಿಯನ್ನೇ ಒಂದು ಟೆಕ್ಸ್ಟ್ ಫೈಲಾಗಿ ಗಿಟ್‌ನಲ್ಲಿಟ್ಟು, ಪ್ರತಿ ಸಲ ಸಿಐನಲ್ಲಿ ಹೋಲಿಸುವುದು. ಬರೀ ಒಟ್ಟು ಸಂಖ್ಯೆ ಇಟ್ಟರೆ ಸಾಲದು. ಒಂದು ಹೊಸದಾಗಿ ಸೇರಿ ಒಂದು ಹಳೆಯದು ಕಳೆದುಹೋದರೆ ಸಂಖ್ಯೆ ಅಷ್ಟೇ ಇರುತ್ತದೆ, ಅಲ್ವಾ? ಹಾಗಾಗಿ ಸಾಲಿಗೊಂದು ಹೆಸರು, ಅದರ ಮುಂದೆ ಅದು ಎಷ್ಟು ಪ್ಯಾರಾಮೀಟರ್‌ಗೆ ಓಡುತ್ತದೆ ಅನ್ನುವ ಅಂಕಿ. ಸ್ಕಿಪ್ ಆದವನ್ನು ಪೈಟೆಸ್ಟ್ ಕೊಡುವ ಜೆಯೂನಿಟ್ ಎಕ್ಸ್‌ಎಂಎಲ್ ವರದಿಯಿಂದ ತೆಗೆದು ಬೇರೆ ನೋಡುತ್ತೇನೆ, ಕಾರಣ ಬರೆಯದ ಸ್ಕಿಪ್‌ಗೆ ಅವಕಾಶ ಇಲ್ಲ.

ಇದಕ್ಕೆ ಟೀಮಿನಲ್ಲಿ ಬೈಗುಳ ತಿಂದಿದ್ದೂ ಆಯಿತು. ಇಬ್ಬರು ಒಂದೇ ದಿನ ಟೆಸ್ಟ್ ಸೇರಿಸಿದರೆ ಪಟ್ಟಿಯಲ್ಲಿ ಮರ್ಜ್ ಕಾನ್ಫ್ಲಿಕ್ಟ್, ಅಂದರೆ ಇಬ್ಬರ ಬದಲಾವಣೆಗಳೂ ಒಂದಕ್ಕೊಂದು ಡಿಕ್ಕಿ. "ಏನ್ ಸಾರ್ ಇದು, ಟೆಸ್ಟ್ ಬರೆಯೋದಕ್ಕಿಂತ ಹಾಜರಿ ಹಾಕೋದೇ ದೊಡ್ಡ ಕೆಲಸ ಆಯ್ತಲ್ಲ" ಅಂತ ಹೊಸದಾಗಿ ಸೇರಿದ ಹುಡುಗಿ ನೇರವಾಗಿ ಕೇಳಿದಳು. ಮಾತು ನಿಜ. ಪಟ್ಟಿಯನ್ನು ಫೋಲ್ಡರಿಗೊಂದರಂತೆ ಒಡೆದ ಮೇಲೆ ಜಗಳ ಕಡಿಮೆಯಾಯಿತು, ಪೂರ್ತಿ ನಿಂತಿಲ್ಲ.

ಇಷ್ಟೆಲ್ಲ ಬೇಡ ಅನ್ನುವವರಿಗೆ ಸುಲಭದ ದಾರಿ ಕವರೇಜ್, ಅಂದರೆ ಟೆಸ್ಟ್ ಓಡಿಸಿದಾಗ ಕೋಡಿನ ಯಾವ ಯಾವ ಸಾಲು ಓಡಿತು ಅನ್ನುವ ಅಳತೆ. ಟೆಸ್ಟ್ ಫೋಲ್ಡರನ್ನೂ ಕವರೇಜ್ ಅಳತೆಗೆ ಸೇರಿಸಿಕೊಳ್ಳಿ. ಎಷ್ಟೋ ಜನ ಅದನ್ನು ಹೊರಗಿಡುತ್ತಾರೆ, ಆದರೆ ಕವರೇಜ್ ಟೂಲ್ ನೋಡಿಕೊಳ್ಳುವ ನೆಡ್ ಬ್ಯಾಚೆಲ್ಡರ್ ಅವರೇ ಸೇರಿಸಿ ಅನ್ನುತ್ತಾರೆ. ಓಡದ ಟೆಸ್ಟಿನ ಒಳಗಿನ ಸಾಲುಗಳು ಕೆಂಪಾಗಿ ಕಾಣುತ್ತವೆ, ಒಂದೇ ಹೆಸರಿನ ಅವಳಿಗಳೂ ಸಿಕ್ಕಿಬೀಳುತ್ತವೆ. ಒಂದು ಎಚ್ಚರ: ಒಳಗಿನ ಫೋಲ್ಡರುಗಳಲ್ಲಿ ಇನಿಟ್ ಫೈಲ್ (ಫೋಲ್ಡರನ್ನು ಪೈಥಾನ್ ಪ್ಯಾಕೇಜ್ ಅಂತ ಗುರುತಿಸುವ ಫೈಲ್) ಇಲ್ಲದಿದ್ದರೆ, ಯಾರೂ ಮುಟ್ಟದ ಫೈಲುಗಳು ವರದಿಯಲ್ಲೂ ಬರದೇ ಇರಬಹುದು. ನಮ್ಮ ಬಿಲ್ಡ್ ಫೋಲ್ಡರಿನಲ್ಲಿ ಅದು ಇರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಕನ್ನಡದಲ್ಲಿ ಡೇಟಾ ಇಟ್ಟುಕೊಂಡು ಟೆಸ್ಟ್ ಬರೆಯುವವರಿಗೆ ಒಂದು ಮಾತು. ಪ್ಯಾರಾಮೀಟರ್ ಆಗಿ ಕನ್ನಡ ಪದ ಕೊಟ್ಟರೆ ಹಾಜರಿ ಪಟ್ಟಿಯಲ್ಲಿ ಅಕ್ಷರದ ಬದಲು ಬರೀ ಯೂನಿಕೋಡ್ ಸಂಖ್ಯೆಗಳ ಸಾಲು ಬರುತ್ತದೆ, ಯಾವ ಟೆಸ್ಟ್ ಅಂತ ಗುರುತೇ ಸಿಗಲ್ಲ. ಇದನ್ನು ಆಫ್ ಮಾಡುವ ಸೆಟ್ಟಿಂಗ್ ಇದೆ. ಆದರೆ ಅದರ ಹೆಸರೇ ಒಂದು ಮುಚ್ಚಳಿಕೆ ಪತ್ರ: ಇದನ್ನು ಆಫ್ ಮಾಡುತ್ತಿದ್ದೇನೆ, ಇನ್ನು ಸಮುದಾಯದ ಸಹಾಯ ಕೇಳುವ ಹಕ್ಕನ್ನೆಲ್ಲ ಬಿಟ್ಟಿದ್ದೇನೆ ಅನ್ನುವ ಅರ್ಥ ಬರುವಷ್ಟು ಉದ್ದ ಇದೆ. ತಮಾಷೆ ಮಾಡುತ್ತಿಲ್ಲ. ನಾನು ಸಹಿ ಹಾಕಿದ್ದೇನೆ, ಇಲ್ಲಿಯವರೆಗೆ ಏನೂ ಆಗಿಲ್ಲ.

ಐದಕ್ಕೆ ನಾಲ್ಕು ನಕ್ಷತ್ರ. ಹೊಸ ಪ್ರಾಜೆಕ್ಟ್ ಇವತ್ತು ಶುರು ಮಾಡಿದರೂ ಪೈಟೆಸ್ಟನ್ನೇ ಹಾಕುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಆ ಒಂದು ನಕ್ಷತ್ರ ಹಿಡಿದುಕೊಂಡಿರುವುದು ಬಿಟ್ಟ ಫೋಲ್ಡರಿನ ಬಗ್ಗೆ ಬಾಯಿ ಬಿಡದೇ ಇದ್ದಿದ್ದಕ್ಕೆ, ಖಾಲಿ ಪಟ್ಟಿಗೆ ಸ್ಕಿಪ್ ಅಂದಿದ್ದಕ್ಕೆ. ನಮ್ಮ ಫೋಲ್ಡರಿಗೆ ಆ ವಾರವೇ 'ಇನ್‌ವಾಯ್ಸ್_ಬಿಲ್ಡ್' ಅಂತ ಹೆಸರಿಟ್ಟೆವು. ಮೂವತ್ತೆಂಟೂ ಓಡಿದವು, ಅದರಲ್ಲಿ ಏಳು ಕೆಂಪು. ಒಂದು ಪೈಸೆಯದ್ದು ಮೊದಲು ಸರಿ ಮಾಡಿದ್ದು, ಉಳಿದ ಆರಕ್ಕೆ ಇನ್ನೂ ಮೂರು ದಿನ ಹಿಡಿಯಿತು.