ಬೆಂಡೆ ಕ್ರಾಸಿಂಗ್‌ಗೆ ಯಾವ ಡಿಸೈನ್? ಹಾಫ್ ಡಯಲೆಲ್, ಲೈನ್-ಟೆಸ್ಟರ್, ಪಾರ್ಶಿಯಲ್ ಮೂರನ್ನೂ ಮಾಡಿ ನೋಡಿದ್ದು

ಥೀಸಿಸ್‌ಗೆ ಯಾವ ಡಿಸೈನ್ (ಯಾವ ತಳಿಗೆ ಯಾವ ತಳಿ ಕ್ರಾಸ್ ಮಾಡ್ಬೇಕು ಅನ್ನೋ ಲೆಕ್ಕ) ಹಾಕ್ಲಿ ಅಂತ ಜೂನಿಯರ್‌ಗಳು ಕೇಳ್ತಾನೇ ಇರ್ತಾರೆ, ಒಬ್ಬೊಬ್ರಿಗೆ ಹೇಳೋ ಬದ್ಲು ಒಂದೇ ಸಲ ಬರ್ದ್‌ಬಿಡ್ತೀನಿ. ಬೆಳೆ ಬೆಂಡೆ, ಜಾಗ ಹಾಸನದ ಪಕ್ಕದ ಕೆಂಪು ಮಣ್ಣಿನ ಹೊಲ, ಒಂದು ಕಡೆಗೆ ಒಳ್ಳೇ ಇಳಿಜಾರು.

ಹಾಫ್ ಡಯಲೆಲ್ ಅಂದ್ರೆ ಪ್ರತಿ ಪೇರೆಂಟ್ (ಕ್ರಾಸ್‌ಗೆ ಬಳಸೋ ತಳಿ) ಬಾಕಿ ಎಲ್ಲದ್ರ ಜೊತೆ ಒಂದೊಂದ್ಸಲ, 8 ಪೇರೆಂಟ್‌ಗೆ 28 ಕ್ರಾಸ್, ರೆಸಿಪ್ರೋಕಲ್ಲೂ (ಗಂಡು ಹೆಣ್ಣು ಅದಲು ಬದಲು ಮಾಡಿದ್ದು) ಬೇಕಂದ್ರೆ 56. ಗ್ರಿಫಿಂಗ್ 1956ರಲ್ಲಿ ಕೊಟ್ಟ ನಾಲ್ಕು ಡಯಲೆಲ್ ಮೆಥಡ್‌ನಲ್ಲಿ ಬರೀ 28 ಕ್ರಾಸಿಂದೇ ಕೊನೇದು. ಜಿಸಿಎ (ಒಂದು ಪೇರೆಂಟ್ ತನ್ನೆಲ್ಲ ಕ್ರಾಸಲ್ಲಿ ಸರಾಸರಿ ಎಷ್ಟು ಚೆನ್ನಾಗಿ ಕೊಡತ್ತೆ), ಎಸ್‌ಸಿಎ (ಒಂದು ನಿರ್ದಿಷ್ಟ ಜೋಡಿ ಆ ಸರಾಸರಿಗಿಂತ ಎಷ್ಟು ಹೆಚ್ಚು ಕಮ್ಮಿ) ಎರಡೂ ಸಿಗತ್ತೆ, ಆದ್ರೆ ಸೊಂಟ ಬಿದ್ದೋಗತ್ತೆ. ಸಾಯಂಕಾಲ ನಾಳೆ ಅರಳೋ ಮೊಗ್ಗು ಹುಡುಕಿ, ಬುಡದಲ್ಲಿ ಉಗುರಲ್ಲಿ ಸುತ್ತ ಗೀರಿ, ದಳ ಕೇಸರ ಎಲ್ಲಾ ಟೋಪಿ ಥರ ಮೇಲಕ್ಕೆ ಎಳ್ದು, ಕವರ್ ಹಾಕಿ ದಾರ ಕಟ್ಬೇಕು, ಬೆಳಿಗ್ಗೆ ಬಿಸಿಲೇರೋದ್ರೊಳಗೆ ಗಂಡು ಪೇರೆಂಟ್ ಗಿಡದ ಹೂ ತಂದು ಸವರ್ಬೇಕು. ಶುಂಠಿ ಕೀಳೋ ಟೈಮಲ್ಲಿ ಇದಕ್ಕೆಲ್ಲ ಆಳು ಎಲ್ಲಿ ಸಿಗ್ತಾರೆ ನಮ್ ಕಡೆ.

ಲೈನ್-ಟೆಸ್ಟರ್ (ಕೆಂಪ್‌ಥಾರ್ನ್, 1957) ಆರಾಮ. 5 ಲೈನು (ಪರೀಕ್ಷೆ ಮಾಡ್ಬೇಕಾದ ತಳಿ) 3 ಟೆಸ್ಟರು (ಅವನ್ನ ಅಳೆಯೋಕೆ ಇಟ್ಕೊಂಡ ತಳಿ), ಪ್ರತಿ ಲೈನಿಗೂ ಪ್ರತಿ ಟೆಸ್ಟರು, 15 ಕ್ರಾಸ್ ಅಷ್ಟೇ. ಅರ್ಕಾ ಅನಾಮಿಕಾ, ಪರ್ಭಾನಿ ಕ್ರಾಂತಿ ಥರದ ಬೆಂಡೆ ತಳಿ ಟೆಸ್ಟರ್ ಇಟ್ಕೊಂಡು ಹೊಸ ಲೈನ್ ಜರಡಿ ಹಿಡಿಯೋಕೆ ಇದೇ ಸರಿ. ಆದ್ರೆ ಲೈನ್-ಲೈನ್ ನಡುವೆ ಒಳ್ಳೇ ಕ್ರಾಸ್ ಇದ್ರೂ ನಿಮ್ ಕಣ್ಣಿಗೆ ಬೀಳಲ್ಲ, ಟೆಸ್ಟರ್ ತಪ್ಪು ಆರ್ಸಿದ್ರಂತೂ ಮುಗೀತು.

ಪಾರ್ಶಿಯಲ್ ಡಯಲೆಲ್‌ನಲ್ಲಿ (ಕೆಂಪ್‌ಥಾರ್ನ್-ಕರ್ನೋ, 1961) 8 ಪೇರೆಂಟ್, ಒಂದೊಂದಕ್ಕೆ 3 ಕ್ರಾಸ್, ಒಟ್ಟು 12. ಒಂದನೇದಕ್ಕೆ 4, 5, 6, ಎರಡನೇದಕ್ಕೆ 5, 6, 7, ಹಿಂಗೇ ಸುತ್ಕೊಂಡು ಹೋಗತ್ತೆ. ಜಿಸಿಎಗೆ ಸಾಕು, ಎಸ್‌ಸಿಎ ಆಸೆ ಬಿಡಿ. ಒಂದು ಕ್ರಾಸಲ್ಲಿ ಕಾಯಿ ಕಚ್ಚಿಲ್ಲ ಅಂದ್ರೆ ಆ ಪೇರೆಂಟ್‌ಗೆ ಉಳಿಯೋದು ಎರಡೇ.

ಎಲ್ರೂ ಇಷ್ಟರಲ್ಲೇ ಜಗಳ ಆಡ್ತಾರೆ, ನನ್ ಪ್ರಕಾರ ಹೊಲದಲ್ಲಿ ಹೆಂಗೆ ಇಡ್ತೀರ ಅನ್ನೋದೇ ದೊಡ್ಡ ವಿಷ್ಯ. ಆರ್‌ಸಿಬಿಡಿಲಿ (ಪ್ರತಿ ಬ್ಲಾಕಲ್ಲೂ, ಅಂದ್ರೆ ಹೊಲದ ತುಂಡಲ್ಲೂ, ಎಲ್ಲಾ ಕ್ರಾಸ್ ಇಡೋ ಡಿಸೈನು) 28 ಕ್ರಾಸೂ ಒಂದೇ ಬ್ಲಾಕಲ್ಲಿ ಕೂರ್ಸಿದ್ರೆ ಬ್ಲಾಕು ಇಳಿಜಾರುದ್ದಕ್ಕೂ ಹರ್ಕೊಂಡು, ಮೇಲಿನ ಪ್ಲಾಟ್ ಬಾಡಿರತ್ತೆ ಕೆಳಗಿಂದು ಹಸಿಯಾಗಿರತ್ತೆ, ಆಮೇಲೆ ಅದು ತಳಿ ಗುಣನೋ ಮಣ್ಣಿನ ಗುಣನೋ ಯಾರಿಗ್ ಗೊತ್ತು. ಅದ್ರ ಬದ್ಲು ಕಬಡ್ಡಿ ಲೀಗ್ ಫಿಕ್ಸ್ಚರ್ ಥರ ಮಾಡಿ: 8 ಟೀಮು (ಪೇರೆಂಟು), 7 ರೌಂಡು, ರೌಂಡಿಗೆ 4 ಮ್ಯಾಚು (ಕ್ರಾಸು). ಒಂದು ರೌಂಡ್ ಒಂದು ಬ್ಲಾಕ್. ಮೊದಲ್ನೇದ್ರಲ್ಲಿ 8×1, 2×7, 3×6, 4×5. ಮುಂದಿಂದಕ್ಕೆ 8 ಅಲ್ಲೇ ಇರ್ಲಿ, ಬಾಕಿ ಎಲ್ಲಕ್ಕೂ ಒಂದೊಂದು ಕೂಡ್ಸಿ, 7 ಆದ್ಮೇಲೆ ಮತ್ತೆ 1. ಪ್ರತಿ ಬ್ಲಾಕಲ್ಲೂ ಪ್ರತಿ ಪೇರೆಂಟ್ ಒಂದೇ ಸಲ ಬರತ್ತೆ, ಹಂಗಾಗಿ ಬ್ಲಾಕ್ ವ್ಯತ್ಯಾಸ ಜಿಸಿಎಗೆ ಅಂಟೋದೇ ಇಲ್ಲ. ಎಸ್‌ಸಿಎದ 20 ಡಿಗ್ರಿ ಆಫ್ ಫ್ರೀಡಂನಲ್ಲಿ (ಸ್ವತಂತ್ರವಾಗಿ ಮಾಡ್ಬಹುದಾದ ಹೋಲಿಕೆಗಳ ಸಂಖ್ಯೆ) 6 ಮಾತ್ರ ಬ್ಲಾಕ್ ಜೊತೆ ಕಲಸೋಗತ್ತೆ, ಎರಡನೇ ರೆಪ್ಲಿಕೇಶನ್‌ಗೆ (ಅದೇ ಕ್ರಾಸ್‌ಗಳನ್ನ ಮತ್ತೊಂದ್ಸಲ ಇಡೋದಕ್ಕೆ) ಜೋಡಿಗಳ ಗುಂಪು ಬೇರೆ ಆಗೋ ಹಂಗೆ ಪೇರೆಂಟ್ ನಂಬರ್ ಅದಲು ಬದಲು ಮಾಡಿ, ಎರಡ್ರಲ್ಲೂ ಅದೇ ಕಲಸೋಗೋದು ತಪ್ಪತ್ತೆ.

ನಂಗೆ ಕೈ ಹಿಡಿದಿದ್ದು ಹಾಫ್ ಡಯಲೆಲ್ಲು ಈ 7 ಬ್ಲಾಕಿನ ಜೊತೆ, ಆಳಿಲ್ಲ ಅಂದ್ರೆ ಪಾರ್ಶಿಯಲ್. ಇದೆಲ್ಲ ಬೆಂಡೆ ಹೂ ದೊಡ್ಡದಿರೋದಕ್ಕೆ ಆಗಿದ್ದು. ರಾಗಿಲಿ 28 ಕ್ರಾಸ್ ಹಾಕ್ತೀನಿ ಅಂತ ಮಾತ್ರ ಗೈಡ್ ಹತ್ರ ಒಪ್ಕೊಂಡ್ ಬರ್ಬೇಡ್ರಪ್ಪ, ಆ ಹೂ ಬಿಡ್ಸೋಕೆ ಭೂತಗನ್ನಡಿ ಬೇಕು.