ಚಳಿಗಾಲದ ಹಿತ್ತಲಿಗೆ ಮಡಿಯೋ, ಗ್ರೋ ಬ್ಯಾಗೋ, ಮಣ್ಣಿನ ಕುಂಡವೋ?

ಸೊಪ್ಪು ತರಕಾರಿ ಬೆಳೆಯಲು ನೆಲದ ಮಡಿ ಒಳ್ಳೆಯದೋ, ಗಿಡ ಬೆಳೆಸುವ ಚೀಲವಾದ ಗ್ರೋ ಬ್ಯಾಗೋ, ಮಣ್ಣಿನ ಕುಂಡವೋ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು, ನಿಮ್ಮ ಹಿತ್ತಲು ಮನೆಯ ಯಾವ ದಿಕ್ಕಿಗಿದೆ ಎಂದು. ಮೈಸೂರಿನ ನಮ್ಮ ಮನೆಯ ಬಾಗಿಲು ದಕ್ಷಿಣಕ್ಕೆ, ಹಿತ್ತಲು ಉತ್ತರಕ್ಕೆ. ಮೂರರಲ್ಲೂ ಒಂದೇ ಬೀಜ ಬಿತ್ತಿ, ಒಂದೇ ಕೊಟ್ಟಿಗೆ ಗೊಬ್ಬರ ಹಾಕಿ ಬೆಳೆದು ನೋಡಿದ್ದೇನೆ. ಚಳಿಗಾಲದಲ್ಲಿ ಗೆಲುವು ಸೋಲನ್ನು ತೀರ್ಮಾನಿಸುವುದು ಮೊದಲು ಬಿಸಿಲು, ಆಮೇಲೆ ನೀರು. ಕುಂಡದ ಬೆಲೆ, ಅಂದ ಎಲ್ಲ ಅದರ ನಂತರದ ಮಾತು.

ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುವುದರಿಂದ ಹಿತ್ತಲಿನ ತುಂಬ ಬಿಸಿಲು. ಡಿಸೆಂಬರ್ ಕೊನೆಯ ಹೊತ್ತಿಗೆ ಅವನು ದಕ್ಷಿಣಕ್ಕೆ ವಾಲಿ, ಮಧ್ಯಾಹ್ನವೂ 54 ಡಿಗ್ರಿಯಷ್ಟು ಮಾತ್ರ ಏರುತ್ತಾನೆ. ಆಗ 20 ಅಡಿ ಎತ್ತರದ ಮನೆಯ ನೆರಳು ಉತ್ತರಕ್ಕೆ 14 ಅಡಿ ದಾಟಿ ಬೀಳುತ್ತದೆ. ಜೂನ್‌ನಲ್ಲಿ ಹುಲುಸಾಗಿದ್ದ ಮಡಿ ಡಿಸೆಂಬರ್‌ನಲ್ಲಿ ಸೊರಗಿದರೆ ಗೊಬ್ಬರವನ್ನು ದೂರುವ ಮೊದಲು ಈ ನೆರಳಿನ ಗೆರೆಯನ್ನು ನೋಡಬೇಕು.

ನಮ್ಮಲ್ಲಿ ಆ ಗೆರೆಯಾಚೆ, ಕಾಂಪೌಂಡಿನ ಪಕ್ಕಕ್ಕೆ ಸ್ವಲ್ಪ ಜಾಗ ಉಳಿಯುತ್ತದೆ. ಅಷ್ಟರಲ್ಲಿ ಮಡಿಯನ್ನು ಮೀರಿಸುವುದು ಬೇರೆ ಯಾವುದೂ ಇಲ್ಲ. ಮೆಂತ್ಯ ಬಿತ್ತಿದ ಮೂರ್ನಾಲ್ಕು ದಿನಕ್ಕೆ ಮೊಳೆಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನುಪಮಾ ಪಾಲಕ್ ಕೊಯ್ದಷ್ಟೂ ಚಿಗುರುತ್ತದೆ. ಬೇರು ಆಳಕ್ಕಿಳಿಯುವುದರಿಂದ ಚಳಿಗಾಲದಲ್ಲಿ ದಿನ ಬಿಟ್ಟು ದಿನ ನೀರು ಹಾಕಿದರೂ ಸಾಕು, ಊರಿಗೆ ಹೋಗಿ ಬಂದರೂ ಗಿಡ ಬಾಡಿರುವುದಿಲ್ಲ. ಅದೇ ಸಂಸ್ಥೆಯ ದಂಟಿನ ತಳಿ ಅರ್ಕಾ ಸುಗುಣ ಮಾತ್ರ ಈ ತಿಂಗಳುಗಳಲ್ಲಿ ನಿಧಾನ. ದಂಟು ಸೆಖೆಯ ಬೆಳೆ, ಅದನ್ನು ಫೆಬ್ರವರಿಗೆ ಬಿಡುವುದು ಲೇಸು.

ಮಡಿಯ ದೊಡ್ಡ ತೊಂದರೆ ನಮ್ಮ ಕೆಮ್ಮಣ್ಣೇ. ಪೈಪಿನಲ್ಲಿ ರಭಸವಾಗಿ ನೀರು ಬಿಟ್ಟು ಎರಡು ದಿನ ಬಿಸಿಲು ಬಿದ್ದರೆ ಮೇಲೆ ಗಟ್ಟಿ ಪದರ ಕಟ್ಟುತ್ತದೆ. ಬೆರಳಿನಿಂದ ಎಬ್ಬಿಸಿದರೆ ಹಪ್ಪಳದಂತೆ ಏಳುತ್ತದೆ; ಅದರ ಅಡಿಯಲ್ಲಿ ಮೊಳಕೆಗಳು ಬಿಳುಚಿಕೊಂಡು, ಕತ್ತು ಬಗ್ಗಿಸಿ, ಬಿರುಕು ಹುಡುಕುತ್ತಿರುತ್ತವೆ. ಬಿತ್ತಿದ ಮೇಲೆ ಜರಡಿ ಹಿಡಿದ ಗೊಬ್ಬರವನ್ನು ತೆಳ್ಳಗೆ ಹರಡಿ, ಜಾಲರಿ ಮೂತಿಯ ಕ್ಯಾನಿನಲ್ಲಿ ನೀರು ಚಿಮುಕಿಸಿದರೆ ಈ ಪದರ ಕಟ್ಟುವುದಿಲ್ಲ.

ಗ್ರೋ ಬ್ಯಾಗನ್ನು ಹೊಗಳುವವರು ಬಹಳ. ಹಗುರ, ಅಗ್ಗ, ಎಲ್ಲಿ ಬೇಕಾದರೂ ಇಡಬಹುದು ಎಂಬುದೆಲ್ಲ ನಿಜ. ಚಳಿಗಾಲದಲ್ಲಿ ಅದರ ನಿಜವಾದ ಬೆಲೆ ಇರುವುದು ಬಿಸಿಲನ್ನು ಹಿಂಬಾಲಿಸುವುದರಲ್ಲಿ. ಟೊಮೆಟೊ ಗಿಡಗಳನ್ನು ನವೆಂಬರ್‌ನಲ್ಲಿ ಹಿತ್ತಲಿನಿಂದ ಮುಂಬಾಗಿಲಿಗೆ ಸಾಗಿಸಿದರೆ ಕಾಯಿ ಬಿಡುವುದು ನಿಲ್ಲುವುದಿಲ್ಲ. ಮಡಿಯ ಟೊಮೆಟೊಗೆ ಆ ಭಾಗ್ಯವಿಲ್ಲ.

ಆದರೆ ಸೊಪ್ಪಿಗೆ ನಾನು ಗ್ರೋ ಬ್ಯಾಗ್ ಹೇಳುವುದಿಲ್ಲ. ಅದರಲ್ಲಿ ಸಾಮಾನ್ಯವಾಗಿ ತುಂಬುವ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಮೇಲೆ ಒಣಗಿ ತಿಳಿಬಣ್ಣಕ್ಕೆ ತಿರುಗಿದರೂ ಒಳಗೆ ಒದ್ದೆಯಾಗಿಯೇ ಇರುತ್ತದೆ. ತಂಪಿನ ದಿನಗಳಲ್ಲಿ ನೀರು ಬೇಗ ಆರುವುದಿಲ್ಲ. ಮೇಲ್ಮೈ ನೋಡಿ ನೀರು ಹಾಕುತ್ತಾ ಹೋದರೆ ಎಳೆಯ ಮೆಂತ್ಯದ ಕಾಂಡ ಬುಡದಲ್ಲೇ ಕೊಳೆತು ಮಲಗುತ್ತದೆ. ಬೆರಳನ್ನು ಎರಡು ಗೆಣ್ಣಿನಷ್ಟು ಒಳಗಿಳಿಸಿ ನೋಡಿಯೇ ನೀರು ಹಾಕಬೇಕು. ಕೊಕೊಪೀಟಿನಲ್ಲಿ ಪೋಷಕಾಂಶವೂ ಕಡಿಮೆ, ಎರೆಗೊಬ್ಬರ ಬೆರೆಸದಿದ್ದರೆ ಎಲೆ ಹಳದಿಯಾಗುತ್ತದೆ. ಇನ್ನೊಂದು ವಿಷಯ ನನ್ನನ್ನು ನಿಜಕ್ಕೂ ಕಾಡುತ್ತದೆ. ಅಗ್ಗದ ಚೀಲಗಳು ಬಿಸಿಲಿಗೆ ಸವೆದು ಎಳೆ ಎಳೆಯಾಗಿ ಉದುರುತ್ತವೆ. ಆ ಪ್ಲಾಸ್ಟಿಕ್ ಚೂರುಗಳನ್ನು ಮಣ್ಣಿನಿಂದ ಆರಿಸಿ ಮುಗಿಸಲಾಗುವುದಿಲ್ಲ. ತಿನ್ನುವ ಸೊಪ್ಪಿನ ಮಣ್ಣಿನಲ್ಲಿ ಅದು ಸೇರುವುದು ನನಗೆ ಒಪ್ಪಿಗೆಯಿಲ್ಲ.

ಮಣ್ಣಿನ ಕುಂಡ ಭಾರ, ಬಿದ್ದರೆ ಒಡೆಯುತ್ತದೆ, ಬೋರ್‌ವೆಲ್ ನೀರಿನ ಲವಣ ಹೊರಮೈಯಲ್ಲಿ ಬೆಳ್ಳಗೆ ಕಟ್ಟುತ್ತದೆ. ಇಷ್ಟಾದರೂ ಕೊತ್ತಂಬರಿಗೆ ನನ್ನ ಆಯ್ಕೆ ಅದೇ. ಅದರ ಗೋಡೆಯಿಂದಲೇ ನೀರು ಆವಿಯಾಗುವುದರಿಂದ ಬುಡದಲ್ಲಿ ತೇವ ನಿಂತು ಕೊಳೆಯುವ ಭಯ ಕಡಿಮೆ, ಬೇರು ತಂಪಾಗಿಯೂ ಇರುತ್ತದೆ. ಸೆಖೆ ತಗುಲಿದರೆ ಕೊತ್ತಂಬರಿ ಎಲೆ ಬಿಡುವುದು ನಿಲ್ಲಿಸಿ ಹೂವಿಗೆ ಹೋಗುತ್ತದೆ. ಒಂದು ಗೇಣು ಆಳದ, ಬಾಯಿ ಅಗಲವಾದ ಕುಂಡ ಸಾಕು. ಧನಿಯಾದ ಒಂದು ಕಾಳಿನಲ್ಲಿ ಎರಡು ಬೀಜಗಳಿರುತ್ತವೆ. ಲಟ್ಟಣಿಗೆಯನ್ನು ಮೆಲ್ಲಗೆ ಉರುಳಿಸಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿದರೆ ಎಂಟು ಹತ್ತು ದಿನಕ್ಕೆ ಮೊಳಕೆ ಕಾಣುತ್ತದೆ. ಸಸಿ ಕಿತ್ತು ನೆಟ್ಟರೆ ಅದು ಸಹಿಸುವುದಿಲ್ಲ, ಬಿತ್ತಿದ ಕಡೆಯೇ ಬೆಳೆಯಬೇಕು.

ಇನ್ನು ನೆರಳು ಬೀಳುವ ಪಟ್ಟಿ. ಅಲ್ಲಿ ಕುಂಡ, ಚೀಲ ಯಾವುದೂ ಬೇಡ, ಅರಿಶಿನ ಹಾಕಿ. ಮೇ ತಿಂಗಳಲ್ಲಿ ನೆಟ್ಟರೆ ಉತ್ತರದ ಬಿಸಿಲಿರುವಷ್ಟು ಕಾಲ ಎಲೆ ಬೆಳೆಯುತ್ತದೆ. ನೆರಳು ಆವರಿಸುವ ಹೊತ್ತಿಗೆ ಗಡ್ಡೆ ಬಲಿತು ಎಲೆ ಒಣಗಲು ತೊಡಗಿರುತ್ತದೆ, ಸಂಕ್ರಾಂತಿಗೆ ಹಸಿ ಅರಿಶಿನ ಮನೆಯಲ್ಲೇ ಸಿಗುತ್ತದೆ. ಪಕ್ಕದ ಗೋಡೆಗೆ ವೀಳ್ಯದೆಲೆ ಬಳ್ಳಿ ಹಬ್ಬಿಸಬಹುದು. ನೆರಳು ಅದಕ್ಕೆ ಹಿತ.

ಮನೆಯೊಳಗೆ ಲೆಕ್ಕ ತಿರುಗಿಬೀಳುತ್ತದೆ. ಹಿತ್ತಲಿನಿಂದ ಸರಿದ ಬಿಸಿಲು ದಕ್ಷಿಣದ ಕಿಟಕಿಯಿಂದ ಕೋಣೆಯೊಳಗೆ ಬರುವ ಕಾಲ ಇದು. ಆ ಕಿಟಕಿಯಲ್ಲಿ ನಾನು ಪುದೀನ, ದೊಡ್ಡಪತ್ರೆ ಎರಡನ್ನೂ ಇಟ್ಟು ನೋಡಿದ್ದೇನೆ. ದೊಡ್ಡಪತ್ರೆ ಗಾಜಿನ ಕಡೆಗೆ ಉದ್ದುದ್ದ ಬಾಗಿ ಎಲೆ ಚಿಕ್ಕದಾಗುತ್ತದೆ, ಅದಕ್ಕೆ ಹೊರಗಿನ ಗಾಳಿಯೇ ಸರಿ. ಪುದೀನ ಗೆದ್ದಿತು. ಮಾರುಕಟ್ಟೆಯ ಕಟ್ಟಿನಿಂದ ಗಟ್ಟಿ ಕಡ್ಡಿ ಆರಿಸಿ, ಕೆಳಗಿನ ಎಲೆ ಕಿತ್ತು ನೀರಿನಲ್ಲಿ ಇಟ್ಟರೆ ಬೇರು ಬರುತ್ತದೆ, ನಂತರ ಕುಂಡಕ್ಕೆ.

ಕಿಟಕಿಯಿಂದ ದೂರದ ಮೂಲೆಗೆ ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್ ಎರಡೇ. ಇವು ಕೋಣೆಯ ಗಾಳಿ ಶುದ್ಧ ಮಾಡುತ್ತವೆ ಎಂದು ಹೇಳಿ ಮಾರುತ್ತಾರೆ. ಆ ಮಾತಿಗೆ ಆಧಾರವಾದ ನಾಸಾದ 1989ರ ಅಧ್ಯಯನ ನಡೆದದ್ದು ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ. ಮನೆಯ ಗಾಳಿಗೆ ಕಿಟಕಿ ತೆರೆಯುವುದೇ ಹೆಚ್ಚು ಉಪಕಾರಿ. ಗಿಡವನ್ನು ಅದರ ಹಸಿರಿಗಾಗಿ ಇಟ್ಟುಕೊಳ್ಳಿ. ಮರೆತು ಮರೆತು ನೀರು ಹಾಕುವವರಿಗೆ ಸ್ನೇಕ್ ಪ್ಲಾಂಟ್. ಚಳಿಯಲ್ಲಿ ಮೂರು ವಾರಕ್ಕೊಮ್ಮೆ ಸಾಕು. ಮನಿ ಪ್ಲಾಂಟ್ ಬಾಟಲಿಯ ನೀರಿನಲ್ಲೂ ಬದುಕುತ್ತದೆ, ಆದರೆ ಎಲೆ ಅಗಲವಾಗುವುದು ಮಣ್ಣಿನಲ್ಲೇ. ಬಾಟಲಿಯೇ ಬೇಕೆಂದರೆ ಕಂದು ಗಾಜಿನದನ್ನು ಆರಿಸಿ, ಪಾರದರ್ಶಕ ಗಾಜಿಗೆ ಬೆಳಕು ತಾಗಿ ಪಾಚಿ ಕಟ್ಟುತ್ತದೆ. ಎರಡೂ ಗಿಡಗಳ ಎಲೆ ಬಾಯಿಗೆ ಹೋದರೆ ಕೆಡುಕು. ಅಂಬೆಗಾಲಿಡುವ ಮಗು ಅಥವಾ ಬೆಕ್ಕು ಇರುವ ಮನೆಯಲ್ಲಿ ಅವನ್ನು ಕೈಗೆಟುಕದ ಎತ್ತರದಲ್ಲಿಡಿ. ಪುದೀನದ ಕುಂಡವನ್ನು ಶಿವರಾತ್ರಿಯ ಹೊತ್ತಿಗೆ ಹೊರಗೆ ಸಾಗಿಸಬಹುದು, ಆಗ ಸೂರ್ಯ ಮೇಲೇರಿ ಕಿಟಕಿಯ ಬಿಸಿಲು ಕಡಿಮೆಯಾಗಿರುತ್ತದೆ.